ಉಳಿದು ನೋಡುವ ಕ್ಯಾಮೆರಾ

ಕೇಪ್‌ಟೌನಿನ ಪೋಲ್ಸ್‌ಮೂರ್ ಜೈಲಿನೊಳಗೆ ಒಂದು ಸೈನ್ಯವಿದೆ. ಅದರಲ್ಲಿ ಜನರಲ್‌ಗಳಿದ್ದಾರೆ, ಕ್ಯಾಪ್ಟನ್‌ಗಳಿದ್ದಾರೆ, ನ್ಯಾಯಾಧೀಶರೂ ಇದ್ದಾರೆ. ಹುದ್ದೆಗೆ ತಕ್ಕ ಸಮವಸ್ತ್ರವೂ ಉಂಟು. ಆದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಇಡೀ ಸಮವಸ್ತ್ರ ಕೈದಿಗಳ ಕಲ್ಪನೆಯಲ್ಲಿದೆ, ಹಳಬರು ಹೊಸಬರಿಗೆ ಬಾಯಿಪಾಠ ಮಾಡಿಸಿ ದಾಟಿಸುತ್ತ ಬಂದಿದ್ದಾರೆ. 26, 27, 28 ಎಂದು ಸಂಖ್ಯೆಯಿಂದಲೇ ಕರೆಸಿಕೊಳ್ಳುವ ಈ ಮೂರು ಗ್ಯಾಂಗ್‌ಗಳು ತಮ್ಮ ಮೂಲಪುರುಷನೆಂದು ಹೇಳುವುದು ನೊಂಗೊಲೋಜಾ ಎಂಬ ದರೋಡೆಕೋರನನ್ನು. ಹತ್ತೊಂಬತ್ತನೇ ಶತಮಾನದ ಕೊನೆಗೆ, ಜೊಹಾನ್ಸ್‌ಬರ್ಗ್ ಸುತ್ತ ಚಿನ್ನದ ಗಣಿಗಳು ತೆರೆದುಕೊಂಡ ಕಾಲದಲ್ಲಿ, ಅವನು ಬಿಳಿಯರ ಸೈನ್ಯದ ಶಿಸ್ತನ್ನೇ ಎರವಲು ಪಡೆದು ತನ್ನ ಪಡೆ ಕಟ್ಟಿದ. ಆ ಪಡೆಯ ನೆನಪು ನೂರು ವರ್ಷ ದಾಟಿ ಇಂದಿಗೂ ಜೈಲಿನ ಗೋಡೆಗಳೊಳಗೆ ಆಳುತ್ತಿದೆ.

ಈ ಲೋಕವನ್ನು ಮನೆಮನೆಯ ಟಿವಿಗೆ ತಂದ ಸರಣಿ ‘ರಾಸ್ ಕೆಂಪ್ ಆನ್ ಗ್ಯಾಂಗ್ಸ್’. ಬ್ರಿಟನ್ನಿನ ಸ್ಕೈ ಒನ್ ವಾಹಿನಿಯಲ್ಲಿ 2004ರಲ್ಲಿ ಶುರುವಾಗಿ, 2007ರಲ್ಲಿ ಬಾಫ್ಟಾ ಪ್ರಶಸ್ತಿಯನ್ನೂ ಗೆದ್ದಿತು. ಕೆಂಪ್ ಮೂಲತಃ ನಟ. ಬಿಬಿಸಿಯ ‘ಈಸ್ಟ್ಎಂಡರ್ಸ್’ ಧಾರಾವಾಹಿಯ ಒರಟ ಗ್ರಾಂಟ್ ಮಿಚೆಲ್‌ನಾಗಿ ಬ್ರಿಟನ್ನಿನ ತುಂಬ ಪರಿಚಿತ. ತಂದೆ ಲಂಡನ್ ಪೊಲೀಸ್ ಇಲಾಖೆಯಲ್ಲಿ ಪತ್ತೇದಾರರಾಗಿದ್ದವರು. ಪೊಲೀಸ್ ಮನೆಯ ಮಗ ಮುಖದ ತುಂಬ ಹಚ್ಚೆಯಿರುವ ಗ್ಯಾಂಗ್ ನಾಯಕನ ಪಕ್ಕ ಕೂತು, ಮಗು ಕೇಳುವಷ್ಟು ನೇರವಾಗಿ ಪ್ರಶ್ನೆ ಕೇಳುತ್ತಾನೆ. ಆ ನಾಯಕ ತಾನು ಮಾಡಿದ್ದನ್ನೂ ಮಾಡಿಸಿದ್ದನ್ನೂ ದನಿ ಏರಿಸದೆ ಹೇಳುತ್ತ ಹೋಗುತ್ತಾನೆ. ಎದೆ ನಡುಗುವುದು ಆ ಶಾಂತ ದನಿಗೆ. ಲಾಂಗು ಮಚ್ಚಿನ ಸಿನಿಮಾ ನೋಡಿ ಬೆಳೆದ ನಮಗೆ ಇದು ಬೇರೆಯದೇ ಅನುಭವ. ಇಲ್ಲಿ ಹಿನ್ನೆಲೆ ಸಂಗೀತ ನಮ್ಮ ಪರವಾಗಿ ಹೆದರುವುದಿಲ್ಲ, ಹೆದರಿಕೆಯನ್ನು ನಾವೇ ಪಡಬೇಕು.

ಸರಣಿಯಲ್ಲಿ ನಾನು ಎಲ್ಲರಿಗೂ ಹೇಳುವ ಇನ್ನೊಂದು ಕಂತು ಎಲ್ ಸಾಲ್ವಡಾರಿನದು. ಅಲ್ಲಿನ ಎಂಎಸ್-13 ಮತ್ತು 18ನೇ ಬೀದಿ ಎಂಬ ಬದ್ಧವೈರಿ ಗ್ಯಾಂಗ್‌ಗಳೆರಡೂ ಹುಟ್ಟಿದ್ದು ಆ ದೇಶದಲ್ಲೇ ಅಲ್ಲ, ಅಮೆರಿಕದ ಲಾಸ್ ಏಂಜಲೀಸಿನಲ್ಲಿ. 1980ರಿಂದ 1992ರವರೆಗೆ ನಡೆದ ಅಂತರ್ಯುದ್ಧಕ್ಕೆ ಹೆದರಿ ಓಡಿಹೋದ ಕುಟುಂಬಗಳ ಮಕ್ಕಳು ಅಲ್ಲಿನ ಬೀದಿಗಳಲ್ಲಿ ತಮ್ಮನ್ನು ಕಾಯ್ದುಕೊಳ್ಳಲು ಗುಂಪು ಕಟ್ಟಿದರು, ಇದ್ದ ಗುಂಪುಗಳಿಗೆ ಸೇರಿದರು. ಯುದ್ಧ ಮುಗಿದ ಮೇಲೆ, ಅದರಲ್ಲೂ 1996ರಲ್ಲಿ ವಲಸೆ ಕಾನೂನು ಬಿಗಿಯಾದ ಮೇಲೆ, ಅಮೆರಿಕ ಅವರನ್ನು ವಿಮಾನ ಹತ್ತಿಸಿ ವಾಪಸು ಕಳಿಸಿತು. ಕೆಲವರಿಗೆ ಸ್ಪ್ಯಾನಿಷ್ ಕೂಡ ಸರಿಯಾಗಿ ಬರುತ್ತಿರಲಿಲ್ಲ. ಕೆಲಸವಿಲ್ಲದ, ಯುದ್ಧದ ಬಂದೂಕುಗಳು ಇನ್ನೂ ಕೈಬದಲಾಗುತ್ತಿದ್ದ ದೇಶಕ್ಕೆ ಲಾಸ್ ಏಂಜಲೀಸಿನ ಜಗಳ ಬಂದಿಳಿಯಿತು. ಇಷ್ಟು ತಿಳಿದು ನೋಡಿದರೆ ಮೈಮೇಲಿನ ಆ ಹಚ್ಚೆಗಳಲ್ಲಿ ಎರಡು ದೇಶಗಳ ಚರಿತ್ರೆ ಕಾಣುತ್ತದೆ.

ಕೆಂಪ್ ಸರಣಿಯ ಮಿತಿ ಅದರ ಅಳತೆಯಲ್ಲೇ ಇದೆ. ಹೆಚ್ಚಾಗಿ ಒಂದು ದೇಶಕ್ಕೆ ಒಂದು ಕಂತು. ಈ ವಾರ ರಿಯೋ, ಮುಂದಿನ ವಾರ ಇನ್ನೆಲ್ಲೋ. ಹೋದ, ಕೇಳಿದ, ಬಂದ. ಆ ಹುಡುಗರು ಮುಂದೆ ಏನಾದರು ಎಂಬುದು ಗೊತ್ತಾಗದೆ ಉಳಿಯುತ್ತದೆ. ಆದರೂ ಹಿಸ್ಟರಿ ವಾಹಿನಿಯಲ್ಲಿ 2007ರಿಂದ 2010ರವರೆಗೆ ಬಂದ ‘ಗ್ಯಾಂಗ್‌ಲ್ಯಾಂಡ್’ ಪಕ್ಕದಲ್ಲಿಟ್ಟು ನೋಡಿದರೆ ಕೆಂಪ್ ಎಷ್ಟೋ ಮೇಲು. ‘ಗ್ಯಾಂಗ್‌ಲ್ಯಾಂಡ್’ನ ಗುಡುಗುವ ನಿರೂಪಣೆ, ಕತ್ತರಿಸಿ ಕತ್ತರಿಸಿ ಜೋಡಿಸಿದ ಹಿಂಸೆ, ಮುಖಕ್ಕೆ ಬಟ್ಟೆ ಕಟ್ಟಿ ಕ್ಯಾಮೆರಾಕ್ಕೆ ಬಂದೂಕು ಹಿಡಿದು ತೋರಿಸುವ ಹುಡುಗರು, ಇವೆಲ್ಲ ಕಡೆಗೆ ಆ ಗ್ಯಾಂಗ್‌ಗಳಿಗೇ ಜಾಹೀರಾತಾಗುತ್ತವೆ. ನಾನು ಅದನ್ನು ಯಾರಿಗೂ ಶಿಫಾರಸು ಮಾಡಲಾರೆ.

ಈ ಬಗೆಯ ಚಿತ್ರಗಳಲ್ಲಿ ನನಗೆ ಮುಖ್ಯವಾದ ಪ್ರಶ್ನೆ ಒಂದೇ: ಕ್ಯಾಮೆರಾ ಅಲ್ಲಿ ಎಷ್ಟು ಕಾಲ ಉಳಿಯಿತು? ಬಂದೂಕು ತೋರಿಸುವುದಕ್ಕೆ ಒಂದು ಮಧ್ಯಾಹ್ನ ಸಾಕು. ಬಂದೂಕು ಕೆಳಗಿಡುವುದನ್ನು ತೋರಿಸಬೇಕೆಂದರೆ ತಿಂಗಳುಗಟ್ಟಲೆ ಕಾಯಬೇಕು.

ಹಾಗೆ ಕಾದ ಚಿತ್ರ ಸ್ಟೀವ್ ಜೇಮ್ಸ್ ನಿರ್ದೇಶನದ ‘ದಿ ಇಂಟರಪ್ಟರ್ಸ್’. 2011ರಲ್ಲಿ ತಯಾರಾಗಿ, ಮರುವರ್ಷ ಅಮೆರಿಕದ ಪಿಬಿಎಸ್ ವಾಹಿನಿಯ ‘ಫ್ರಂಟ್‌ಲೈನ್’ ಸರಣಿಯಲ್ಲಿ ಪ್ರಸಾರವಾಯಿತು. ಆಫ್ರಿಕಾದಲ್ಲಿ ಸಾಂಕ್ರಾಮಿಕ ರೋಗಗಳ ವಿರುದ್ಧ ಕೆಲಸ ಮಾಡಿ ಬಂದ ಗ್ಯಾರಿ ಸ್ಲಟ್ಕಿನ್ ಎಂಬ ವೈದ್ಯರು, ಷಿಕಾಗೋದ ಗುಂಡಿನ ಕಾಳಗವೂ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ, ಆದ್ದರಿಂದ ಹರಡುವ ಜಾಗದಲ್ಲೇ ತಡೆಯಬೇಕು ಎಂದರು. ‘ಸೀಸ್‌ಫೈರ್’ ಎಂಬ ಅವರ ಸಂಸ್ಥೆ ಆ ತಡೆಯುವ ಕೆಲಸಕ್ಕೆ ನೇಮಿಸಿಕೊಂಡದ್ದು ಬೀದಿಯನ್ನು ಬಲ್ಲವರನ್ನು, ಬಹುಪಾಲು ಹಿಂದೆ ಗ್ಯಾಂಗ್‌ನಲ್ಲಿದ್ದವರನ್ನು. ಚಿತ್ರ ಹಿಂಬಾಲಿಸುವ ಮೂವರಲ್ಲಿ ಅಮೀನಾ ಮ್ಯಾಥ್ಯೂಸ್ ಷಿಕಾಗೋದ ಹೆಸರುವಾಸಿ ಗ್ಯಾಂಗ್ ನಾಯಕ ಜೆಫ್ ಫೋರ್ಟ್‌ನ ಮಗಳು. ಎಡ್ಡಿ ಬೊಕನೆಗ್ರಾ ಹದಿನೇಳಕ್ಕೇ ಕೊಲೆ ಮಾಡಿ, 14 ವರ್ಷ ಜೈಲಿನಲ್ಲಿ ಕಳೆದು ಬಂದವರು. ಮೂರನೆಯವರು ಕೋಬ್ ವಿಲಿಯಮ್ಸ್.

ಒಂದು ದೃಶ್ಯ ಹೇಳಲೇಬೇಕು. ಜೈಲಿನಿಂದ ಹೊರಬಂದ ಹುಡುಗನೊಬ್ಬ ತಾನು ದರೋಡೆ ಮಾಡಿದ್ದ ಕ್ಷೌರದಂಗಡಿಗೆ ಹೋಗಿ ಕ್ಷಮೆ ಕೇಳಬೇಕೆನ್ನುತ್ತಾನೆ. ಕೋಬ್ ಜೊತೆಗೆ ಹೋಗುತ್ತಾರೆ. ಅಂಗಡಿಯಲ್ಲಿದ್ದ ಹೆಂಗಸಿಗೆ ಆ ದಿನ ಮರೆತಿಲ್ಲ. ಮಕ್ಕಳೆದುರೇ ಬಂದೂಕಿಗೆ ಸಿಕ್ಕ ಗಳಿಗೆಯನ್ನು, ಆಮೇಲೆ ಅವರೆಲ್ಲ ಬದುಕಿದ ಭಯವನ್ನು, ಅವನ ಮುಖ ನೋಡುತ್ತಲೇ ಒಂದೊಂದಾಗಿ ಹೇಳುತ್ತಾಳೆ. ಅವನು ತಲೆ ತಗ್ಗಿಸಿ ಪೂರ್ತಿ ಕೇಳುತ್ತಾನೆ, ಎದುರು ಮಾತಾಡುವುದಿಲ್ಲ. ಕೊನೆಗೆ ಅವಳೇ ಅವನನ್ನು ಅಪ್ಪಿಕೊಳ್ಳುತ್ತಾಳೆ. ನಿರೂಪಕನ ಒಂದು ಮಾತೂ ಇಲ್ಲ. ಈ ದೃಶ್ಯವನ್ನು ಯಾರೂ ಮೊದಲೇ ಗೊತ್ತುಮಾಡಿ ತೆಗೆಯಲಾಗದು. ಆ ಹುಡುಗನ ಜೊತೆ, ಕೋಬ್ ಜೊತೆ ದಿನಗಟ್ಟಲೆ ಓಡಾಡಿದ ಕ್ಯಾಮೆರಾಕ್ಕೆ ಮಾತ್ರ ಅಂಗಡಿಯ ಬಾಗಿಲು ತೆರೆದೀತು.

ಉಳಿಯುವುದಕ್ಕೆ ಬೆಲೆಯೂ ಇದೆ. ಕ್ರಿಶ್ಚಿಯನ್ ಪೊವೆಡಾ ಎಂಬ ಛಾಯಾಗ್ರಾಹಕ ಎಲ್ ಸಾಲ್ವಡಾರ್ ರಾಜಧಾನಿಯ ಮಗ್ಗುಲಿನ ಲಾ ಕಾಂಪನೇರಾ ಬಡಾವಣೆಯಲ್ಲಿ, 18ನೇ ಬೀದಿ ಗ್ಯಾಂಗಿನವರ ನಡುವೆ, 16 ತಿಂಗಳು ಚಿತ್ರೀಕರಿಸಿ 2008ರಲ್ಲಿ ‘ಲಾ ವಿದಾ ಲೋಕಾ’ ತೆರೆಗೆ ತಂದ. ಚಿತ್ರದಲ್ಲಿ ಹುಡುಗರು ಬೇಕರಿಯಲ್ಲಿ ಹಿಟ್ಟು ನಾದುತ್ತಾರೆ, ತಾಯಂದಿರು ಶವದ ಮೇಲೆ ಬಿದ್ದು ಗೋಳಾಡುತ್ತಾರೆ. ಪರಿಚಯವಾದ ಮುಖವೇ ಸ್ವಲ್ಪ ಹೊತ್ತಿನಲ್ಲಿ ಶವಪೆಟ್ಟಿಗೆಯಲ್ಲಿ ಕಾಣುತ್ತದೆ. 2009ರ ಸೆಪ್ಟೆಂಬರ್ 2ರಂದು ಪೊವೆಡಾನನ್ನು ಗುಂಡಿಟ್ಟು ಕೊಂದರು. 2011ರಲ್ಲಿ ಶಿಕ್ಷೆಯಾದವರಲ್ಲಿ ಒಬ್ಬ ಮಾಜಿ ಪೊಲೀಸನೂ ಇದ್ದ.

ಈಗ ಅದೇ ದೇಶದಿಂದ ಬರುತ್ತಿರುವ ದೃಶ್ಯಗಳು ಬೇರೆ. 2022ರ ಮಾರ್ಚಿನಲ್ಲಿ ಒಂದೇ ದಿನ 62 ಕೊಲೆಗಳಾದ ಮೇಲೆ ಅಧ್ಯಕ್ಷ ಬುಕೆಲೆ ತುರ್ತುಸ್ಥಿತಿ ಹೇರಿದರು. 80,000ಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದರು, 40,000 ಮಂದಿಯನ್ನು ಹಿಡಿಸುವ ಹೊಸ ಜೈಲು ಮರುವರ್ಷವೇ ತೆರೆಯಿತು. ಕೊಲೆಗಳು ತೀವ್ರವಾಗಿ ಇಳಿದವು. ಸಂಜೆ ಮಕ್ಕಳನ್ನು ಬೀದಿಗೆ ಬಿಡಲು ಹೆದರುತ್ತಿದ್ದ ತಾಯಿಗೆ ಅದು ಸಣ್ಣ ವಿಷಯವಲ್ಲ, ಅವಳ ನೆಮ್ಮದಿಯನ್ನು ನಾನು ಹಗುರ ಮಾಡಲಾರೆ. ಆದರೆ ನಮ್ಮ ಫೋನಿಗೆ ಬರುವ ಆ ವಿಡಿಯೊಗಳಲ್ಲಿ ತಲೆ ಬೋಳಿಸಿದ, ಬಿಳಿ ಚಡ್ಡಿಯ, ಬೆನ್ನು ಬಾಗಿಸಿ ಸಾಲಾಗಿ ಓಡುವ ಮೈಗಳಷ್ಟೇ ಇವೆ. ಯಾರು, ಯಾವ ಊರಿನವರು, ಏನು ಮಾಡಿದರು ಎಂದು ಕ್ಯಾಮೆರಾ ಕೇಳುವುದಿಲ್ಲ, ಏಕೆಂದರೆ ಕ್ಯಾಮೆರಾ ಸರ್ಕಾರದ್ದು. ತಪ್ಪಾಗಿ ಹಿಡಿದಿದ್ದ ಸಾವಿರಾರು ಜನರನ್ನು ಅದೇ ಸರ್ಕಾರ ಬಿಟ್ಟು ಕಳಿಸಿದೆ; ಸಾಲಿನಲ್ಲಿ ಓಡುವಾಗ ಅಂಥವನನ್ನು ಗುರುತಿಸಲು ನೋಡುವವರಿಗೆ ದಾರಿಯೇ ಇಲ್ಲ.

ಹೊಸದಾಗಿ ನೋಡುವವರು ಕೆಂಪ್‌ನ ಪೋಲ್ಸ್‌ಮೂರ್ ಮತ್ತು ಎಲ್ ಸಾಲ್ವಡಾರ್ ಕಂತುಗಳಿಂದ ಶುರು ಮಾಡಿ. ‘ದಿ ಇಂಟರಪ್ಟರ್ಸ್’ ಎರಡು ಗಂಟೆಯ ಚಿತ್ರ, ಒಂದೇ ಕೂತಿನಲ್ಲಿ ನೋಡಿ. ಪೊವೆಡಾನ ಚಿತ್ರಕ್ಕೆ ಬೇರೆ ದಿನವೇ ಇರಲಿ, ಮಕ್ಕಳು ಪಕ್ಕದಲ್ಲಿ ಬೇಡ.