ಚುಕ್ಕೆಯ ಪ್ರಾಮಾಣ್ಯ

ಶಿಕಾರಿಪುರ, ಸೊರಬ ಸೀಮೆಯ ವರ್ಕ್‌ಶಾಪುಗಳಲ್ಲಿ ಒಂಟಿ ಸಿಲಿಂಡರಿನ ಡೀಸೆಲ್ ಎಂಜಿನ್ನನ್ನು ಬಿಚ್ಚಿ ಮರಳಿ ಜೋಡಿಸುವ ಮೇಸ್ತ್ರಿಗಳಿಗೆ ‘ಚುಕ್ಕೆಗೆ ಚುಕ್ಕೆ’ ಎಂಬುದೇ ವೇದವಾಕ್ಯ. ಕ್ರ್ಯಾಂಕ್ ಗೇರಿನ ಚುಕ್ಕೆಯು ಕ್ಯಾಮ್ ಗೇರಿನ ಚುಕ್ಕೆಗೆ ಎದುರಾಯಿತೆಂದರೆ ವಾಲ್ವು ತೆರೆಯುವ ಕಾಲವೂ ಡೀಸೆಲ್ ಚಿಮ್ಮುವ ಕಾಲವೂ ತಾವಾಗಿಯೇ ನೆಟ್ಟಗಾಗುವುವೆಂದು ಅವರ ಶ್ರದ್ಧೆ. ಕುಮುದ್ವತಿ, ದಂಡಾವತಿಗಳ ದಡದಲ್ಲಿ ನೀರೆತ್ತುವ ಪಂಪುಗಳೂ ಮೆಕ್ಕೆಜೋಳದ ಕಣದಲ್ಲಿ ಮೊರೆಯುವ ಯಂತ್ರಗಳೂ ಬಹುಮಟ್ಟಿಗೆ ಈ ಶ್ರದ್ಧೆಯ ಬಲದಿಂದಲೇ ನಡೆಯುತ್ತಿರುವಾಗ ಅದನ್ನು ಅಲ್ಲಗಳೆಯಲು ನನಗೂ ಮನಸ್ಸಿಲ್ಲ. ಕಾರ್ಖಾನೆಯಿಂದ ಬಂದ ಗೇರಿನ ವಿಷಯದಲ್ಲಿ ಅದು ಸತ್ಯವೂ ಹೌದು.

ಆದರೆ ಚುಕ್ಕೆಯು ಹಲ್ಲಿನ ಸ್ಥಾನವನ್ನು ಹೇಳಬಲ್ಲುದೇ ಹೊರತು ಶಾಫ್ಟಿನ ಸ್ಥಾನವನ್ನಲ್ಲ. ಅವೆರಡನ್ನೂ ಬೆಸೆಯುವುದು ಕೀ. ಅದು ಕೂರುವ ತೋಡಾದ ಕೀವೇ ಸವೆದು ಅಗಲವಾದಾಗಲೋ, ಹೊಸ ಗೇರಿಗೆ ಊರಿನಲ್ಲಿಯೇ ಕೀವೇ ಕೊರೆಸುವಾಗಲೋ, ಅಗಲವನ್ನೂ ಆಳವನ್ನೂ ನಿಷ್ಠೆಯಿಂದ ಅಳೆಯುವ ಕೈಯೇ ಆ ತೋಡು ಯಾವ ಹಲ್ಲಿಗೆ ಎದುರಾಗಿರಬೇಕೆಂಬ ಪ್ರಶ್ನೆಯನ್ನು ಮಾತ್ರ ಕೇಳದೆ ಹೋಗುವುದುಂಟು. 30 ಹಲ್ಲಿನ ಕ್ರ್ಯಾಂಕ್ ಗೇರಿನಲ್ಲಿ ಒಂದು ಹಲ್ಲೆಂದರೆ 12 ಡಿಗ್ರಿ. ಹಲ್ಲಿನ ನೇರಕ್ಕೆ ಬರಬೇಕಾದ ಕೀವೇ ಸಂದಿನ ನೇರಕ್ಕೆ ಬಂದರೆ 6 ಡಿಗ್ರಿಯ ವ್ಯತ್ಯಾಸ. ಒಂದು ಹಲ್ಲು ಸರಿಸಿ ಕೂರಿಸಿದರೂ ಅದೇ 6 ಡಿಗ್ರಿ ಇನ್ನೊಂದು ಕಡೆಗೆ ನಿಲ್ಲುವುದೇ ವಿನಾ ಅಳಿಯದು. ಗುಡಿಗಾರರ ಉಳಿಯ ಸೂಕ್ಷ್ಮತೆಗೆ ಹೆಸರಾದ ಸೊರಬದಲ್ಲಿ ಈ ಉದಾಸೀನ ಇರಬಾರದಿತ್ತು.

ನನ್ನ ಮುಖ್ಯ ಆಕ್ಷೇಪವಿರುವುದು ತಪ್ಪಿನ ಮೇಲಲ್ಲ, ಅದರ ಪರಿಹಾರದ ಮೇಲೆ. ಎಂಜಿನ್ನು ಹೊಗೆಯುಗುಳಿ ತಡವರಿಸಿದಾಗ ಮೇಸ್ತ್ರಿಯು ಡೀಸೆಲ್ ಪಂಪಿನ ಕೆಳಗಿನ ಶಿಮ್ಮೆಂಬ ತೆಳು ತಗಡನ್ನು ತೆಗೆದು ಚಿಮ್ಮುವ ಕಾಲವನ್ನು ಮುಂಚಿತಗೊಳಿಸುವನು. ಸದ್ದು ತಿಳಿಯಾಗುವುದು, ಗಿರಾಕಿ ಸಂತುಷ್ಟನಾಗುವನು. ಆ ಕಿವಿಯ ಕೌಶಲವನ್ನು ನಾನು ಮೆಚ್ಚುವೆನು. ಆದರೆ ಪಂಪನ್ನೂ ವಾಲ್ವುಗಳನ್ನೂ ಎತ್ತುವುದು ಒಂದೇ ಕ್ಯಾಮ್ ಶಾಫ್ಟು ಆಗಿರುವಲ್ಲಿ ಶಿಮ್ಮು ಪಂಪನ್ನಷ್ಟೇ ತಿದ್ದಿ, ವಾಲ್ವುಗಳನ್ನು ಮೊದಲಿನ ತಪ್ಪಿನಲ್ಲಿಯೇ ಉಳಿಸುತ್ತದೆ; ನಿಮಿಷಕ್ಕೆ 1500 ಸುತ್ತಿನ ಎಂಜಿನ್ನು ಅಷ್ಟನ್ನು ಸಹಿಸಿಕೊಂಡು ಓಡುವುದರಿಂದ ದೋಷವು ಗುಣದ ವೇಷದಲ್ಲಿ ವರ್ಷಗಟ್ಟಲೆ ಬಾಳುತ್ತದೆ.

ಫ್ಲೈವೀಲಿನ ಗೆರೆಯೂ ಸಾಕ್ಷಿಯಾಗಲಾರದು, ಅದೂ ಒಂದು ಕೀಯ ಅಡಿಯಾಳು. ಪಿಸ್ಟನ್ನನ್ನೇ ಕೇಳಬೇಕು: ಹೆಡ್ಡು ಬಿಚ್ಚಿ, ಮೇಲೆ ತಡೆಯೊಂದನ್ನು ಬಿಗಿದು, ಫ್ಲೈವೀಲನ್ನು ಎರಡೂ ದಿಕ್ಕಿಗೆ ಮೆಲ್ಲಗೆ ತಿರುಗಿಸಿ, ತಾಗಿದ ಎರಡು ಕಡೆ ಗುರುತು ಹಾಕಿದರೆ ಅವುಗಳ ನಟ್ಟನಡುವೆಯೇ ಪಿಸ್ಟನ್ನಿನ ನಿಜವಾದ ಶಿಖರಸ್ಥಾನ. ಅಲ್ಲಿಂದ ಅಳೆದು ನೋಡಿದರೆ ವಾಲ್ವುಗಳ ಕಾಲದ ತಪ್ಪು ಬಯಲಾಗುವುದು. 40 ಮಿಲಿಮೀಟರು ವ್ಯಾಸದ ಶಾಫ್ಟಿನ ಮೈಮೇಲೆ 6 ಡಿಗ್ರಿಯೆಂದರೆ ಸುಮಾರು 2 ಮಿಲಿಮೀಟರು. ಹೊಸ ಗೇರು ತರಿಸಲಾಗದಿದ್ದರೆ, ಮೇಲರ್ಧವು ಅಷ್ಟು ಪಕ್ಕಕ್ಕೆ ಸರಿದ ಮೆಟ್ಟಿಲುಕೀಯನ್ನು ಗಟ್ಟಿ ಉಕ್ಕಿನಲ್ಲಿ ಅರೆದು ಕೂರಿಸಿ, ತೆಗೆದಿಟ್ಟ ಶಿಮ್ಮನ್ನು ಪಂಪಿನ ಕೆಳಗೆ ಮರಳಿ ಇಡಬಹುದು.