ಆಗಸ್ಟ್ 29ಕ್ಕೆ ಸಾಕ್ಷಿ ಯಾರು?

ಬಿಳಿಗೆರೆ ಸೀಮೆಯಲ್ಲಿ ಯಾವ ಹಿರಿಯರನ್ನಾದರೂ ಹುಟ್ಟಿದ ದಿನ ಕೇಳಿ. ‘ನಂಜನಗೂಡು ದೊಡ್ಡಜಾತ್ರೆ ಆಗಿ ಎಂಟು ದಿನಕ್ಕೆ’ ಎಂದೋ, ‘ಹೊಳೆ ತುಂಬಿ ಬಂದ ವರ್ಷ, ಗೌರಿಹಬ್ಬದ ಹಿಂದಿನ ದಿನ’ ಎಂದೋ ಉತ್ತರ ಬರುತ್ತದೆ. ಅವರ ಆಧಾರ್ ಕಾರ್ಡಿನಲ್ಲಿ ಮಾತ್ರ ಜೂನ್ 1. ಪಕ್ಕದ ಮನೆಯವರದ್ದೂ ಜೂನ್ 1. ಶಾಲೆ ಶುರುವಾಗುವ ಹೊತ್ತಿಗೆ ಮಗುವಿಗೆ ವಯಸ್ಸು ತುಂಬಿರಬೇಕಲ್ಲ, ಮೇಷ್ಟ್ರು ಆ ದಿನದಿಂದ ಹಿಂದಕ್ಕೆ ವರ್ಷ ಎಣಿಸಿ ದಾಖಲಾತಿ ಪುಸ್ತಕದಲ್ಲಿ ಬರೆದುಕೊಂಡರು. ಅಪ್ಪ ಅಮ್ಮ ತಕರಾರು ತೆಗೆಯಲಿಲ್ಲ.

‘ಇತಿಹಾಸದಲ್ಲಿ ಈ ದಿನ’ ಎಂಬ ಪಟ್ಟಿಗಳ ರುಚಿ ಹತ್ತಿದವರು ಮೊದಲು ಈ ಜೂನ್ 1ನ್ನು ನೆನಪಿಟ್ಟುಕೊಳ್ಳಬೇಕು. ತಾರೀಖು ಸಿಕ್ಕರೆ ಸಾಲದು. ಬರೆದವರು ಯಾರು, ಯಾವಾಗ ಬರೆದರು ಎಂದು ವಿಚಾರಿಸಬೇಕು. ಈ ವಾರ ನಾನು ಹಿಡಿದಿರುವ ದಿನ ಆಗಸ್ಟ್ 29.

ಅಂದಿನ ಸರಕುಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು 1831ರದ್ದು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೆಲ್ ಫ್ಯಾರಡೆ ಆರು ಇಂಚು ಅಗಲದ ಮೆದು ಕಬ್ಬಿಣದ ಬಳೆಯೊಂದಕ್ಕೆ ಎರಡು ಕಡೆ ತಾಮ್ರದ ತಂತಿ ಸುತ್ತಿದ. ಸುತ್ತು ಸುತ್ತಿಗೆ ತಾಗದಂತೆ ನಡುವೆ ದಾರ, ಬಟ್ಟೆ. ಒಂದು ಕಡೆಯ ಸುರುಳಿಯನ್ನು ಬ್ಯಾಟರಿಗೆ ಜೋಡಿಸಿದ ಕ್ಷಣದಲ್ಲಿ ಇನ್ನೊಂದು ಕಡೆಯ ತಂತಿಯ ಬಳಿಯಿದ್ದ ಸೂಜಿಗಲ್ಲಿನ ಮುಳ್ಳು ಅಲುಗಿ ಸುಮ್ಮನಾಯಿತು. ಬ್ಯಾಟರಿ ಬಿಡಿಸಿದಾಗ ಮತ್ತೆ ಅಲುಗಿತು. ಇದೆಲ್ಲ ಅವನ ಪ್ರಯೋಗದ ದಿನಚರಿಯಲ್ಲಿ ಅದೇ ತಾರೀಖಿನ ಕೆಳಗೆ ಇದೆ, ಬಳೆಯೂ ಇವತ್ತಿಗೂ ಅದೇ ಸಂಸ್ಥೆಯಲ್ಲಿದೆ. ಮಾಡಿದವನೇ ಬರೆದ ತಾರೀಖು. ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೆ?

ಆ ಮುಳ್ಳಿನ ಅಲುಗಾಟಕ್ಕೂ ನಮಗೂ ಏನು ಸಂಬಂಧ ಎನ್ನಬೇಡಿ. ನಂಜನಗೂಡು, ಸುತ್ತೂರು ದಾಟಿದ ಕಪಿಲೆ ತಿರುಮಕೂಡಲಲ್ಲಿ ಕಾವೇರಿಯನ್ನು ಸೇರಿ ಶಿವನಸಮುದ್ರಕ್ಕೆ ಇಳಿಯುತ್ತಾಳೆ. 1902ರಲ್ಲಿ ಅಲ್ಲಿನ ಯಂತ್ರಗಳು ತಿರುಗಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು ಫ್ಯಾರಡೆ ಕಂಡ ತತ್ವದ ಬಲದಿಂದಲೇ. ನಮ್ಮ ಹೊಳೆಯ ನೀರಿಗೂ ಅದರಲ್ಲಿ ಪಾಲಿತ್ತು.

ಅದೇ ಕಪಿಲೆಯ ದಂಡೆಯ ಸುತ್ತೂರಿನಲ್ಲಿ 1916ರ ಆಗಸ್ಟ್ 29ರಂದು ಹುಟ್ಟಿದವರು ಶಿವರಾತ್ರಿ ರಾಜೇಂದ್ರ ಸ್ವಾಮೀಜಿ. ಸುತ್ತೂರು ಮಠದ 23ನೆಯ ಪೀಠಾಧಿಪತಿ. 1954ರಲ್ಲಿ ಜೆಎಸ್‌ಎಸ್ ಮಹಾವಿದ್ಯಾಪೀಠ ಕಟ್ಟಿದವರು. ನನಗೆ ಸೋಜಿಗವೆನಿಸುವುದು ಮಠದ ಕ್ಯಾಲೆಂಡರು. ರಾಜೇಂದ್ರ ಶ್ರೀಗಳ ಜಯಂತಿಗೆ ಇಂಗ್ಲಿಷ್ ತಾರೀಖು. ಆದಿ ಜಗದ್ಗುರು ಶಿವರಾತ್ರೀಶ್ವರ ಶಿವಯೋಗಿಗಳ ಜಾತ್ರೆಗೆ ಪಂಚಾಂಗ: ಪುಷ್ಯ ಬಹುಳ ದ್ವಾದಶಿಯಿಂದ ಆರು ದಿನ. ಆದ್ದರಿಂದ ಜಾತ್ರೆ 2023ರಲ್ಲಿ ಜನವರಿ 18ಕ್ಕೆ ಶುರುವಾಯಿತು, 2024ರಲ್ಲಿ ಫೆಬ್ರವರಿ 6ಕ್ಕೆ ಹೋಯಿತು, 2025ರಲ್ಲಿ ಜನವರಿ 26ಕ್ಕೆ ಹಿಂದೆ ಬಂತು. ಒಂದೇ ಮಠದ ಗುರುಪರಂಪರೆಯಲ್ಲಿ ಹಳಬರು ತಿಥಿಯವರು, ಈಚಿನವರು ತಾರೀಖಿನವರು. ಸುಮಾರು 19 ವರ್ಷಕ್ಕೊಮ್ಮೆ ತಿಥಿಯೂ ತಾರೀಖೂ ಒಂದು ದಿನ ಆಚೀಚೆಯಾಗಿ ಮತ್ತೆ ಕೂಡುತ್ತವೆ. ‘ಈ ದಿನ’ ಎಂದು ಪಟ್ಟಿ ಮಾಡುವವರು ತಿಥಿಯ ಹಬ್ಬಗಳನ್ನು ಕೈಬಿಡುವುದು ಇದೇ ಕಾರಣಕ್ಕೆ. ನಮ್ಮ ಕಡೆಯ ಅರ್ಧ ನೆನಪು ಅದರೊಂದಿಗೇ ಹೋಗುತ್ತದೆ, ಅದು ಬೇರೆ ಮಾತು. 2014ರ ಆಗಸ್ಟ್ 29ರಂದು ಗಣೇಶ ಚೌತಿ ಬಂದಿತ್ತು ಎಂದರೆ ಆ ಪಟ್ಟಿಯವರು ತಲೆಕೆಡಿಸಿಕೊಳ್ಳುವುದಿಲ್ಲ.

ಸ್ವಾಮೀಜಿ ಹುಟ್ಟಿ ಸರಿಯಾಗಿ ಹತ್ತು ವರ್ಷಕ್ಕೆ, 1926ರ ಅದೇ ದಿನ, ಸಿದ್ದಾಪುರದ ದೊಡ್ಮನೆಯಲ್ಲಿ ರಾಮಕೃಷ್ಣ ಹೆಗಡೆ ಹುಟ್ಟಿದರು. 1983ರಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು ಎಂಬುದು ಎಲ್ಲರಿಗೂ ಗೊತ್ತು. ಹಳ್ಳಿಗೆ ಮುಖ್ಯವಾದದ್ದು ತಮ್ಮ ಸಚಿವ ಅಬ್ದುಲ್ ನಜೀರ್ ಸಾಬ್ ಜೊತೆ ತಂದ ಪಂಚಾಯತ್ ಕಾನೂನು. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತಿಗೂ ಮಂಡಲ ಪಂಚಾಯಿತಿಗೂ ಚುನಾವಣೆ ನಡೆದಾಗ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲಿತ್ತು. ದೇಶದ ಸಂವಿಧಾನ ಅಷ್ಟು ದೂರ ಬರಲು ಇನ್ನೂ ಆರು ವರ್ಷ ಬೇಕಾಯಿತು.

ಇಂಗ್ಲಿಷ್ ಪಟ್ಟಿಗಳಲ್ಲಿ ಆಗಸ್ಟ್ 29ಕ್ಕೆ ತತ್ವಜ್ಞಾನಿ ಜಾನ್ ಲಾಕ್ ತಪ್ಪದೆ ಇರುತ್ತಾನೆ. ನನ್ನ ಪಟ್ಟಿಯಿಂದ ಅವನನ್ನು ತೆಗೆದಿದ್ದೇನೆ. ಅವನು ಹುಟ್ಟಿದ 1632ರಲ್ಲಿ ಇಂಗ್ಲೆಂಡಿನವರು ಇನ್ನೂ ಹಳೆಯ ಜೂಲಿಯನ್ ಕ್ಯಾಲೆಂಡರನ್ನೇ ಹಿಡಿದಿದ್ದರು, ಬಿಟ್ಟದ್ದು 1752ರಲ್ಲಿ. ಈಗಿನ ಲೆಕ್ಕಕ್ಕೆ ತಂದರೆ ಅವನ ಹುಟ್ಟುಹಬ್ಬ ಸೆಪ್ಟೆಂಬರ್ 8.

ಹಾಕಿ ಆಟಗಾರ ಧ್ಯಾನ್ ಚಂದ್ ಹುಟ್ಟಿದ್ದು 1905ರ ಇದೇ ದಿನ ಎಂದು ರಾಷ್ಟ್ರೀಯ ಕ್ರೀಡಾ ದಿನ ಬಂತು. ಆದರೆ ಅವರ ನಾಯಕತ್ವದಲ್ಲಿ ಭಾರತ ಬರ್ಲಿನ್ ಒಲಿಂಪಿಕ್ಸ್ ಫೈನಲ್ಲಿನಲ್ಲಿ ಜರ್ಮನಿಯನ್ನು 8–1ರಿಂದ ಸೋಲಿಸಿದ ದಿನ ಯಾವುದು ಗೊತ್ತೆ? 1936ರ ಆಗಸ್ಟ್ 15. ಸ್ವಾತಂತ್ರ್ಯಕ್ಕೆ ಇನ್ನೂ ಹನ್ನೊಂದು ವರ್ಷ ಬಾಕಿ.

ಇನ್ನು ಜೂನ್ 1ರವರ ಸಂಗತಿ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಜನನ-ಮರಣ ನೋಂದಣಿ ತಿದ್ದುಪಡಿ ಕಾನೂನಿನ ಪ್ರಕಾರ, ಅಂದಿನಿಂದ ಹುಟ್ಟುವ ಮಕ್ಕಳಿಗೆ ಶಾಲೆ, ಆಧಾರ್, ಮತದಾರರ ಪಟ್ಟಿ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಮೇಷ್ಟ್ರಿಗೆ ಆ ಅಧಿಕಾರ ಹೋಯಿತು. ಈಗಿರುವ ಜೂನ್ 1ರವರಲ್ಲಿ ಯಾರಾದರೂ ನಿಜಕ್ಕೂ ಅಂದೇ ಹುಟ್ಟಿದ್ದರೆ, ಪಾಪ, ಅವರ ಮಾತನ್ನು ನಂಬುವವರೇ ಇಲ್ಲ.