ಒಂದು ಈಡು, ಒಂದು ತೆಂಗಿನಕಾಯಿ

ಸೆಪ್ಟೆಂಬರ್ ಮೊದಲ ವಾರ ಕೊಡಗಿನಲ್ಲಿ ಕೈಲ್ ಮುಹೂರ್ತ ಮುಗಿಯುತ್ತಿದ್ದಂತೆ ಪತ್ರಿಕೆಗಳಲ್ಲಿ ಒಂದು ಚಿತ್ರ ತಪ್ಪದೆ ಬರುತ್ತದೆ. ಕೊಡವ ಸೀರೆ ಉಟ್ಟ ಹೆಂಗಸೊಬ್ಬರು ಕೋವಿಯ ಹಿಡಿಯನ್ನು ಭುಜಕ್ಕೆ ಒತ್ತಿ, ಒಂದು ಕಣ್ಣು ಮುಚ್ಚಿ, ದೂರದ ತೆಂಗಿನಕಾಯಿಗೆ ಗುರಿ ಹಿಡಿದಿರುತ್ತಾರೆ. ಕೆಳಗೆ ಶೌರ್ಯ, ಪರಂಪರೆ, ವೀರರ ನಾಡು ಎಂಬ ಪದಗಳು. ಚಿತ್ರ ಚೆನ್ನಾಗಿರುತ್ತದೆ, ಪದಗಳೂ ಪೂರ್ತಿ ಸುಳ್ಳಲ್ಲ. ಆದರೆ ಅಲ್ಲಿ ನಡೆದದ್ದು ಒಂದು ಸ್ಪರ್ಧೆ. ಅದಕ್ಕೆ ನಿಯಮವಿದೆ, ಗೆಲುವು ಸೋಲಿದೆ, ಬಹುಮಾನವಿದೆ. ಹಾಕಿ ಪಂದ್ಯವಾಗಿದ್ದರೆ ಪೆನಾಲ್ಟಿ ಕಾರ್ನರ್ ಹಾಳು ಮಾಡಿಕೊಂಡವರನ್ನು ನಾವು ಹೆಸರು ಹಿಡಿದು ಬೈಯುತ್ತಿದ್ದೆವು. ಕೋವಿಯ ವಿಷಯಕ್ಕೆ ಬಂದರೆ ಮಾತ್ರ ಕೈ ಮುಗಿದು ನಿಂತುಬಿಡುತ್ತೇವೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಆಟಕ್ಕೆ ಹೊಗಳಿಕೆ ಬೇಕಾದಷ್ಟು ಸಿಕ್ಕಿದೆ. ಆಟವಾಗಿ ಅದು ಎಷ್ಟು ಒಳ್ಳೆಯದು ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ.

ಗದ್ದೆ ನಾಟಿ ಮುಗಿದ ಮೇಲೆ ಬರುವ ಆಯುಧಪೂಜೆ ಕೈಲ್ ಮುಹೂರ್ತ, ಕೊಡವರ ಬಾಯಲ್ಲಿ ಕೈಲ್‌ಪೊಳ್ದ್. ಮನೆಯ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಒಟ್ಟಿಗೆ ಇಟ್ಟು, ನಳಿಗೆಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಕೆಂಪು ಹಳದಿ ಜ್ವಾಲೆಯ ಹಾಗೆ ಅರಳುವ ಆ ಹೂವನ್ನು ಬಯಲುಸೀಮೆಯವರು ಅಗ್ನಿಶಿಖೆ ಎನ್ನುತ್ತಾರೆ. ಹಿಂದೆ ಪೂಜೆಯಾದ ಮೇಲೆ ಬೇಟೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ನಂತರ ಬೇಟೆಗೆ ಜಾಗವಿಲ್ಲ, ಇರಬಾರದು ಕೂಡ. ಹಾಗಾಗಿ ವರ್ಷವಿಡೀ ಗೋಡೆಗೆ ಒರಗಿರುವ ಕೋವಿಗೆ ಉಳಿದ ಮರ್ಯಾದೆಯ ಕೆಲಸ ಎರಡೇ. ಒಂದು ಆಚರಣೆಯ ಈಡು: ಪುತ್ತರಿಯಲ್ಲಿ ಕದಿರು ಕೊಯ್ಯುವಾಗ, ಮನೆಯಲ್ಲಿ ಸಾವಾದಾಗ. ಇನ್ನೊಂದು ಊರಿನ ಮೈದಾನದ ತೆಂಗಿನಕಾಯಿ.

ಮೊದಲು ಗುರಿಯ ಲೆಕ್ಕ ನೋಡೋಣ. ದೂರ ಊರಿಂದೂರಿಗೆ ಬದಲಾಗುತ್ತದೆ. ಹನ್ನೆರಡು ಬೋರಿನ ತೋಟೆ ಕೋವಿಗೆ 30 ಮೀಟರ್, ಪಾಯಿಂಟ್ ಟೂಟೂ ರೈಫಲಿಗೆ 50 ಮೀಟರ್ ಎಂದಿಟ್ಟುಕೊಳ್ಳಿ. ಸಿಪ್ಪೆ ಸುಲಿದ ಕಾಯಿಯ ಅಡ್ಡಗಲ ಸುಮಾರು 10 ಸೆಂಟಿಮೀಟರ್. ಒಲಿಂಪಿಕ್ಸಿನ ಏರ್ ರೈಫಲ್ ಗುರಿಹಲಗೆ ಇರುವುದು 10 ಮೀಟರ್ ದೂರದಲ್ಲಿ, ಅದರ ಎಲ್ಲ ವರ್ತುಲಗಳು ಸೇರಿ 45.5 ಮಿಲಿಮೀಟರ್, ನಡುವಿನ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್. ಕಣ್ಣಿಗೆ ಕಾಣುವ ಗಾತ್ರದಲ್ಲಿ ಹೋಲಿಸಿದರೆ 50 ಮೀಟರಿನ ತೆಂಗಿನಕಾಯಿ ಆ ಹಲಗೆಯ ಆರನೇ ವರ್ತುಲಕ್ಕೆ ಸಮ. ಅಂದರೆ ಆರು ಅಂಕದ ಈಡು ಹೊಡೆದವನು ಊರಿನಲ್ಲಿ ಗೆದ್ದ, ದೆಹಲಿಯ ರೇಂಜಿನಲ್ಲಿ ತಲೆ ತಗ್ಗಿಸಿದ. ತೆಂಗಿನಕಾಯಿ ಸುಲಭದ ಗುರಿ ಎಂದು ಇಲ್ಲಿಗೇ ತೀರ್ಪು ಕೊಟ್ಟುಬಿಡಬಹುದು.

ಕೊಟ್ಟರೆ ಅನ್ಯಾಯವಾಗುತ್ತದೆ. ರೇಂಜಿನ ಶೂಟರ್ ಬಿಗಿಯಾದ ಜಾಕೆಟ್ಟು, ಗಟ್ಟಿ ಅಟ್ಟೆಯ ಬೂಟು, ತನ್ನ ಮೈಯಳತೆಗೆ ತಿರುಗಿಸಿಕೊಂಡ ಹಿಡಿ, ಕೂದಲೆಳೆಯಷ್ಟು ಸರಿಸಬಹುದಾದ ಸೈಟು ಇಟ್ಟುಕೊಂಡು ನಿಂತಿರುತ್ತಾನೆ. ಮೈದಾನದವರ ಕೈಗೆ ಬರುವುದು ಎಷ್ಟೋ ಸಲ ಆಯೋಜಕರದೋ ಪಕ್ಕದ ಮನೆಯವರದೋ ಕೋವಿ. ಅದು ಎಡಕ್ಕೆ ಎಳೆಯುತ್ತದೋ ಮೇಲಕ್ಕೆ ಹಾರಿಸುತ್ತದೋ ಎಂದು ತಿಳಿಯುವ ಹೊತ್ತಿಗೆ ಸರದಿ ಮುಗಿದಿರುತ್ತದೆ. ಹನ್ನೆರಡು ಬೋರಿನ ನಳಿಗೆಯ ಒಳಗೆ ಸುರುಳಿಗೆರೆಯಿಲ್ಲ, ನುಣುಪು. ಸುರುಳಿಗೆರೆಯ ರೈಫಲಿನಷ್ಟು ನೆಟ್ಟಗೆ ಅದು ಗುಂಡು ಕಳಿಸಲಾರದು. ತಾತನ ತೋಳಿಗೆ ಮಾಡಿಸಿದ ಹಿಡಿ ಮೊಮ್ಮಗಳ ಭುಜದಲ್ಲಿ ಕೂರುವುದಿಲ್ಲ, ಒದೆತ ಕೆನ್ನೆಗೇ ಬೀಳುತ್ತದೆ. ಸುತ್ತ ಜನ, ಪಕ್ಕದಲ್ಲಿ ಕಮೆಂಟರಿ, ಹಿಂದೆ ನಗುವ ನೆಂಟರು. ಇಷ್ಟರ ನಡುವೆ ಬಿದ್ದ ಆರು ಅಂಕದ ಈಡಿನ ಬೆಲೆ ಆರಕ್ಕಿಂತ ಹೆಚ್ಚು.

ಈ ಆಟದ ನಿಜವಾದ ದೊಡ್ಡಸ್ತಿಕೆ ಬೇರೆ ಕಡೆ ಇದೆ. ಏರ್ ರೈಫಲ್ ಸ್ಪರ್ಧೆಯನ್ನು ಪಕ್ಕದಲ್ಲಿ ನಿಂತು ನೋಡಿದವರಿಗೆ ಗೊತ್ತು: ಅಲ್ಲಿ ನೋಡಲು ಏನೂ ಇಲ್ಲ. ಸಾಲಾಗಿ ನಿಂತ ಬೆನ್ನುಗಳು, ಪರದೆಯ ಮೇಲೆ ದಶಾಂಶಗಳು. 10.4 ಬಂದದ್ದಕ್ಕೆ ಬೇಸರಪಡಬೇಕೋ ಖುಷಿಪಡಬೇಕೋ ಪ್ರೇಕ್ಷಕನಿಗೆ ತಿಳಿಯದು. ತೆಂಗಿನಕಾಯಿ ಹೊಡೆದರೆ ಒಡೆಯುತ್ತದೆ, ನೀರು ಚಿಮ್ಮುತ್ತದೆ, ಇಡೀ ಮೈದಾನ ಒಂದೇ ಗಳಿಗೆಯಲ್ಲಿ ತೀರ್ಪು ಓದುತ್ತದೆ. ಅಂಪೈರ್ ಬೇಡ, ಅಂಕಪಟ್ಟಿ ಬೇಡ. ಎಪ್ಪತ್ತರ ಅಜ್ಜಿಯೂ ಹತ್ತೊಂಬತ್ತರ ಸೊಸೆಯೂ ಒಂದೇ ಸಾಲಿನಲ್ಲಿ ನಿಲ್ಲುವ ಆಟ ನಮ್ಮಲ್ಲಿ ಇನ್ನೆಷ್ಟಿವೆ? ಹೆಂಗಸರಿಗೆ ಪ್ರತ್ಯೇಕ ಬಹುಮಾನ ಇಟ್ಟ ಕಡೆಯೂ ದೂರ ಅದೇ, ಕಾಯಿ ಅದೇ. ಜೊತೆಗೆ, ಬಂದೂಕು ಎಂದರೆ ಕಳ್ಳ ಪೊಲೀಸ್ ಸಿನಿಮಾ ಎಂದುಕೊಂಡ ನಗರದವರಿಗೆ ಅದನ್ನು ಮಡಚಿ ತೆರೆದು, ತೋಟೆ ತೆಗೆದು, ನಳಿಗೆ ಕೆಳಗೆ ಮಾಡಿ ಇನ್ನೊಬ್ಬರ ಕೈಗೆ ಕೊಡುವ ಶಿಷ್ಟಾಚಾರವನ್ನು ಇಲ್ಲಿನ ಹಿರಿಯರು ಬಾಯಿ ಬಿಡದೆ ಕಲಿಸುತ್ತಾರೆ.

ನನ್ನ ತಕರಾರು ಶುರುವಾಗುವುದು ಆ ಒಂದೇ ಈಡಿನಿಂದ. ಎಷ್ಟೋ ಮೈದಾನಗಳಲ್ಲಿ ಒಬ್ಬರಿಗೆ ಒಂದು, ಹೆಚ್ಚೆಂದರೆ ಎರಡೋ ಮೂರೋ ತೋಟೆ. ಒಂದು ಈಡು ನಾಟಕಕ್ಕೆ ಸಾಕು, ಗುರಿಕಾರನನ್ನು ಅಳೆಯಲು ಸಾಲದು. ಬೀಜಿಂಗಿನಲ್ಲಿ 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಕೊನೆಯ 10.8ರಿಂದ ಎಂದು ಎಲ್ಲರಿಗೂ ನೆನಪಿದೆ. ಆ ಕೊನೆಯ ಈಡಿಗೆ ಮುನ್ನ ಫಿನ್‌ಲೆಂಡಿನ ಹೆನ್ರಿ ಹ್ಯಾಕಿನೆನ್ ಅವರ ಸಮಕ್ಕೇ ಇದ್ದರು. ಆದರೆ 700.5ರ ಆ ಮೊತ್ತದ ಹಿಂದೆ ಇದ್ದದ್ದು ಎಪ್ಪತ್ತು ಈಡುಗಳು. ಇನ್ನೂ ಮುಖ್ಯವಾದದ್ದು, ಫೈನಲ್‌ಗೆ ಮುಂಚಿನ ಪರೀಕ್ಷಾ ಈಡಿನಲ್ಲಿ ಅವರಿಗೆ ಬಂದದ್ದು ನಾಲ್ಕು, ಸೈಟು ಸರಿದಿತ್ತು. ಸರಿಪಡಿಸಿಕೊಳ್ಳಲು ಲೆಕ್ಕಕ್ಕಿಲ್ಲದ ಈಡುಗಳು ಇದ್ದವು, ಪದಕ ಉಳಿಯಿತು. ಅದೇ ನಾಲ್ಕು ನಮ್ಮ ಮೈದಾನದಲ್ಲಿ ಬಿದ್ದಿದ್ದರೆ ಬಿಂದ್ರಾ ಪಂದಿಕರಿ ತಿಂದು ಮನೆಗೆ ಹೋಗಬೇಕಿತ್ತು. ಬೇರೆಯವರ ಕೋವಿ ಹಿಡಿದವರಿಗೆ ಲೆಕ್ಕಕ್ಕಿಲ್ಲದ ಒಂದು ಈಡು ಕೊಡುವುದು ದಯೆಯಲ್ಲ, ಆಟದ ನ್ಯಾಯ. ತೋಟೆಯ ಬೆಲೆ ಅಡ್ಡ ಬರುತ್ತದೆ ಎನ್ನುವುದು ಗೊತ್ತು. ಪ್ರವೇಶ ಶುಲ್ಕ ಏರಿಸಿ, ಟ್ರೋಫಿಯ ಎತ್ತರ ಇಳಿಸಿ.

ಎರಡನೇ ತಕರಾರು ಗಂಭೀರ. ಹಳೆಯ ಪದ್ಧತಿಯಲ್ಲಿ ಕಾಯಿಯನ್ನು ಎತ್ತರದ ಮರದ ತುದಿಗೆ ಕಟ್ಟುತ್ತಿದ್ದರು. ನೋಡಲು ಭವ್ಯ. ಆದರೆ ತಪ್ಪಿದ ಗುಂಡು ಎಲ್ಲಿಗೆ ಹೋಗುತ್ತದೆ? ಪುಟ್ಟದೆಂದು ಕಾಣುವ ಪಾಯಿಂಟ್ ಟೂಟೂ ಗುಂಡು ಒಂದೂವರೆ ಕಿಲೋಮೀಟರಿನಷ್ಟು ದೂರ ಹಾರಬಲ್ಲದು. ಆ ಪದ್ಧತಿ ಹುಟ್ಟಿದ ಕಾಲದಲ್ಲಿ ಮರದಾಚೆ ಕಾಡಿತ್ತು. ಈಗ ಮರದಾಚೆ ಹೋಂಸ್ಟೇ, ರಸ್ತೆ, ಕಾಫಿತೋಟದ ಲೈನ್ ಮನೆ. ಚೆನ್ನಾಗಿ ನಡೆಸುವ ಆಯೋಜಕರು ಇದನ್ನು ಅರಿತು ಗುಡ್ಡದ ಬುಡದಲ್ಲಿ, ಮಣ್ಣಿನ ದಿಬ್ಬದ ಮುಂದೆ ಕಾಯಿ ನೆಡುತ್ತಾರೆ. ಹಾಗೆ ಮಾಡದ ಕಡೆ ಗುಂಡು ಹೊಡೆಸಲೇಬಾರದು, ಪರಂಪರೆ ಏನೇ ಹೇಳಲಿ. 2019ರ ತಿದ್ದುಪಡಿಯ ನಂತರ ಸಮಾರಂಭಗಳಲ್ಲಿ ಅಜಾಗರೂಕವಾಗಿ ಗುಂಡು ಹಾರಿಸಿ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಎಂದು ಆಯುಧ ಕಾಯ್ದೆಯೇ ಹೇಳುತ್ತದೆ. ಕಿವಿಯ ವಿಷಯ ಯಾರಿಗೂ ಹೊಳೆಯುವುದಿಲ್ಲ. ಹನ್ನೆರಡು ಬೋರಿನ ಸದ್ದು 140 ಡೆಸಿಬಲ್ ದಾಟುತ್ತದೆ. ಪಕ್ಕದಲ್ಲೇ ಮಕ್ಕಳು ಐಸ್‌ಕ್ರೀಂ ತಿನ್ನುತ್ತ ನಿಂತಿರುತ್ತಾರೆ. ಕಿವಿಗೆ ಹತ್ತಿಯಾದರೂ ಬೇಡವೇ?

ಈ ಆಟವನ್ನು ಕಟ್ಟಿಹಾಕಿರುವ ಇನ್ನೊಂದು ಸಂಗತಿ ಕೋವಿಯೇ ಎಲ್ಲಿಂದ ಬರುತ್ತದೆ ಎನ್ನುವುದು. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಟ್ಟ ವಿನಾಯಿತಿ ಬೇರೆ ಬೇರೆ ರೂಪದಲ್ಲಿ ಇಂದಿಗೂ ನಡೆದು ಬಂದಿದೆ. ಕೊಡವರಿಗೂ ಕೊಡಗಿನಲ್ಲಿ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳಲು ಅವಕಾಶವಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಹುಟ್ಟಿನ ಮೇಲೆ ನಿಂತ ಹಕ್ಕು ಸರಿಯೇ ಎಂಬ ವಾದ ಬೇರೆ. ಆಟದ ದೃಷ್ಟಿಯಿಂದ ನೋಡಿದರೆ ಈ ವಿನಾಯಿತಿ ಕೋವಿಯನ್ನು ಉಳಿಸಿತು, ಗುರಿಕಾರನನ್ನು ಬೆಳೆಸಲಿಲ್ಲ. ಕೋವಿ ಮನೆಯಲ್ಲಿ ಇರುವುದು ಹಕ್ಕಾಯಿತು. ವಾರಕ್ಕೊಮ್ಮೆ ಹೊಡೆದು ಅಭ್ಯಾಸ ಮಾಡುವುದು ಯಾರ ಚಿಂತೆಯೂ ಆಗಲಿಲ್ಲ.

ಇಲ್ಲಿಯೇ ಬಂದೂಕಿನ ಅಂಗಡಿಯ ಮಾತು. ವಿದೇಶಿ ಬಂದೂಕು ಸಾಮಾನ್ಯರಿಗೆ ಆಮದಾಗುವುದು 1980ರ ದಶಕದ ಮಧ್ಯದಲ್ಲೇ ನಿಂತುಹೋಯಿತು. ಹೆಸರು ಮಾಡಿದ ಶೂಟರುಗಳಿಗೆ ಮಾತ್ರ ಆ ಬಾಗಿಲು ತೆರೆದಿದೆ. ಹಾಗಾಗಿ ಅಂಗಡಿಯ ಕಪಾಟಿನಲ್ಲಿ ಇರುವುದು ಸರ್ಕಾರಿ ಕಾರ್ಖಾನೆಯ ತೋಟೆ ಕೋವಿ, ಶಕ್ತಿಮಾನ್ ತೋಟೆಯ ಪೆಟ್ಟಿಗೆ, ಯಾರದೋ ಮನೆಯಿಂದ ಮಾರಾಟಕ್ಕೆ ಬಂದ ವೆಬ್ಲಿ ಆ್ಯಂಡ್ ಸ್ಕಾಟ್. ಅಂಗಡಿಯಾತನಿಗೆ ಗಿರಾಕಿಗಿಂತ ರಿಜಿಸ್ಟರ್ ಮುಖ್ಯ. ತಪ್ಪು ನಮೂದಾದರೆ ಅವನ ಪರವಾನಗಿಗೇ ಕುತ್ತು. ಅವನ ಮುಖದ ಗಂಟಿಗೆ ಅರ್ಧ ಕಾರಣ ಅದೇ ಇರಬಹುದು, ಕ್ಷಮಿಸೋಣ. ಉಳಿದ ಅರ್ಧವನ್ನು ಕ್ಷಮಿಸಲು ಕಷ್ಟ. ಈ ನಳಿಗೆಗೆ ಗುಂಡಿನ ತೋಟೆ ಹೊಂದುತ್ತದೋ ಚರೆಯ ತೋಟೆಯೋ ಎಂದು ಕೇಳಿದರೆ, ಎರಡೂ ನಡೆಯುತ್ತದೆ, ಯಾವುದು ಬೇಕು ಎಂಬ ಉತ್ತರ ಬರುತ್ತದೆ. ನಳಿಗೆಯ ತುದಿ ಬಿಗಿಯಾಗಿರುವ ಹಳೆಯ ಕೋವಿಯಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಹಿಡಿಯನ್ನು ಅರ್ಧ ಇಂಚು ಕಡಿಮೆ ಮಾಡಿಸಿದರೆ ಈ ಹುಡುಗಿಗೆ ಸರಿಹೋಗುತ್ತದೆ ಎಂದು ಹೇಳುವ ಕಣ್ಣು ಹಳೆಯ ಕೋವಿ ರಿಪೇರಿಯವರಲ್ಲಿತ್ತು. ಅವರ ಮಕ್ಕಳು ಆ ಕಸುಬಿಗೆ ಬರಲಿಲ್ಲ. ಬರುವಷ್ಟು ದುಡ್ಡೂ ಅದರಲ್ಲಿ ಇಲ್ಲ.

ರೇಂಜಿನ ಕಡೆಯಿಂದ ಬರಬೇಕಾದ ಸೇತುವೆಯೂ ಬಂದಿಲ್ಲ. ಬೆಂಗಳೂರಿನ ಅಕಾಡೆಮಿಗಳಲ್ಲಿ 10 ಮೀಟರಿನ ಏರ್ ರೈಫಲ್, ಏರ್ ಪಿಸ್ತೂಲಿನದೇ ರಾಜ್ಯಭಾರ, ಅದಕ್ಕೆ ಕಾರಣವೂ ಇದೆ. 2016ರ ಆಯುಧ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ನಳಿಗೆಯ, 20 ಜೂಲ್ ಮೀರದ ಗಾಳಿಬಂದೂಕಿಗೆ ಪರವಾನಗಿ ಬೇಡ. ಒಂದು ಹಾಲ್ ಇದ್ದರೆ ರೇಂಜ್ ಸಿದ್ಧ. ಇಲ್ಲಿನ ಪಿಸ್ತೂಲ್ ಶೂಟರ್ ಪ್ರಕಾಶ್ ನಂಜಪ್ಪ 50 ಮೀಟರ್ ವಿಭಾಗದಲ್ಲಿ ರಿಯೊ ಒಲಿಂಪಿಕ್ಸಿನವರೆಗೆ ಹೋದರು. ಏರ್ ರೈಫಲಿನಲ್ಲಿ ತಿಲೋತ್ತಮಾ ಸೇನ್ ಇನ್ನೂ ಶಾಲೆಯ ವಯಸ್ಸಿನಲ್ಲಿ, 2023ರಲ್ಲಿ, ಪ್ಯಾರಿಸ್ ಒಲಿಂಪಿಕ್ಸಿಗೆ ದೇಶಕ್ಕೊಂದು ಸ್ಥಾನ ಗೆದ್ದುಕೊಟ್ಟರು. ಆಮೇಲಿನ ಆಯ್ಕೆ ಸುತ್ತಿನಲ್ಲಿ ಆ ಸ್ಥಾನ ಅವರ ಕೈಗೇ ಬರಲಿಲ್ಲ. ಸ್ಪರ್ಧೆ ಅಷ್ಟು ಬಿಗಿ, ಖರ್ಚೂ ಅಷ್ಟೇ ಬಿಗಿ: ಮಟ್ಟಸವಾದ ಒಂದು ವಿದೇಶಿ ಏರ್ ರೈಫಲಿಗೆ ಲಕ್ಷಗಳಲ್ಲಿ ಬೆಲೆ. ಅಕಾಡೆಮಿಗಳ ತರಬೇತುದಾರರು ತೆಂಗಿನಕಾಯಿ ಸ್ಪರ್ಧೆಯನ್ನು ಜಾತ್ರೆಯ ಬಲೂನು ಹೊಡೆಯುವ ಆಟದ ಸಾಲಿಗೆ ಸೇರಿಸುತ್ತಾರೆ. ಮೈದಾನದವರು ರೇಂಜಿನ ಹುಡುಗರನ್ನು ಕೋಟು ಹಾಕಿಕೊಂಡ ಗೊಂಬೆಗಳು ಎಂದು ನಗುತ್ತಾರೆ. ಎರಡೂ ಕಡೆ ಅಹಂಕಾರ, ಎರಡೂ ಕಡೆ ನಷ್ಟ.

ಹಾಕಿಯಲ್ಲಿ ಹೀಗಾಗಲಿಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಶುರು ಮಾಡಿದ ಕುಟುಂಬ ಹಾಕಿ ಹಬ್ಬ, 2024ರ ಹೊತ್ತಿಗೆ ನಾಪೋಕ್ಲುವಿನಲ್ಲಿ 360 ತಂಡಗಳಿಗೆ ಬೆಳೆಯಿತು. ಅಲ್ಲಿ ಅಜ್ಜನೂ ಆಡುತ್ತಾನೆ, ಭಾರತ ತಂಡದ ಆಟಗಾರನೂ ಆಡುತ್ತಾನೆ, ನಿಯಮ ಮಾತ್ರ ಎಲ್ಲರಿಗೂ ಒಂದೇ. ಹಬ್ಬದ ಸಂಭ್ರಮಕ್ಕೂ ಆಟದ ಶಿಸ್ತಿಗೂ ಜಗಳವಿಲ್ಲ ಎಂದು ಅದೇ ಜಿಲ್ಲೆ ತೋರಿಸಿಕೊಟ್ಟಿದೆ. ಮನೆಮನೆಯಲ್ಲಿ ಕೋವಿ ಇರುವ ನಾಡು ಹಾಕಿಗೆ ಕೊಟ್ಟಷ್ಟು ಹೆಸರುಗಳನ್ನು ಶೂಟಿಂಗಿಗೆ ಕೊಡದಿದ್ದಕ್ಕೆ ರಕ್ತವನ್ನೂ ಮಣ್ಣನ್ನೂ ದೂರುವ ಅಗತ್ಯವಿಲ್ಲ. ಕೋಲಿಗೆ ಲೀಗ್ ಸಿಕ್ಕಿತು, ಕೋವಿಗೆ ವರ್ಷಕ್ಕೊಂದು ಮಧ್ಯಾಹ್ನ ಸಿಕ್ಕಿತು.

ಕೆಲವು ಊರುಗಳಲ್ಲಿ ಈಗ ಏರ್‌ಗನ್ ವಿಭಾಗವೂ ಇದೆ. ನನಗೆ ಆಸೆ ಇರುವುದು ಅದರ ಮೇಲೆ. ಪರವಾನಗಿಯ ತಂಟೆಯಿಲ್ಲ, ಜಾತಿಯ, ಜಮ್ಮಾದ ಪ್ರಶ್ನೆಯಿಲ್ಲ, ತೋಟದ ಕಾರ್ಮಿಕರ ಮಗಳೂ ನಿಲ್ಲಬಹುದು, ಹಿಂದೆ ಒಂದು ಹಲಗೆಯ ತಡೆ ಸಾಕು. ಅದನ್ನೀಗ ಮಕ್ಕಳನ್ನು ಸುಮ್ಮನಿರಿಸುವ ಮೂಲೆಯಂತೆ ನಡೆಸುತ್ತಾರೆ. ಹತ್ತು ಈಡು, ಕಾಗದದ ಗುರಿಹಲಗೆ, ಎರಡು ಪರೀಕ್ಷಾ ಈಡು ಎಂದು ನಿಯಮ ಮಾಡಿ, ಕೊನೆಯ ಮೂವರಿಗೆ ಮಾತ್ರ ತೆಂಗಿನಕಾಯಿಯನ್ನು ದೊಡ್ಡ ಕೋವಿಯಿಂದ ಹೊಡೆಯುವ ಅವಕಾಶ ಕೊಟ್ಟರೆ ನೀರು ಚಿಮ್ಮುವ ಖುಷಿಯೂ ಉಳಿಯುತ್ತದೆ, ಗೆದ್ದವರು ನಿಜಕ್ಕೂ ಗುರಿಕಾರರೂ ಆಗಿರುತ್ತಾರೆ. ಇಪ್ಪತ್ತೊಂದು ತುಂಬದವರ ಕೈಗೆ ದೊಡ್ಡ ಕೋವಿ ಕೊಡಲು ತರಬೇತಿಯ ಚೌಕಟ್ಟು ಬೇಕೆಂದು ಕಾನೂನು ಕೇಳುತ್ತದೆ, ಅದನ್ನು ಒದಗಿಸಲು ರೈಫಲ್ ಸಂಸ್ಥೆಯವರು ಮೈದಾನಕ್ಕೆ ಇಳಿದು ಬರಲಿ. ಅಷ್ಟಾಗುವವರೆಗೆ ವರದಿಗಾರರಾದರೂ ಒಂದು ಉಪಕಾರ ಮಾಡಬಹುದು: ಗೆದ್ದವರ ಮನೆತನದ ಹೆಸರಿನ ಪಕ್ಕದಲ್ಲಿ ದೂರ ಎಷ್ಟು, ಕೋವಿ ಯಾವುದು, ಕಾಯಿ ಎಷ್ಟನೇ ಈಡಿಗೆ ಒಡೆಯಿತು, ಎಷ್ಟು ಮಂದಿ ತಪ್ಪಿದರು ಎಂದು ಬರೆಯಲಿ.